ಮರದ ಕಾಲಿನ ಜಿಮ್ನಾಸ್ಟ್ ಜಾರ್ಜ್ ಐಸರ್

ಒಂದೇ ದಿನದಲ್ಲಿ ಆರು ಒಲಿಂಪಿಕ್ ಪದಕ ಗೆದ್ದ ಜಿಮ್ನಾಸ್ಟ್ ಒಬ್ಬರಿದ್ದರು. ಅವರ ಎಡಗಾಲು ಮರದ್ದು. ಹೊಟ್ಟೆಪಾಡಿಗೆ ಅವರು ಮಾಡುತ್ತಿದ್ದ ಕೆಲಸ ಲೆಕ್ಕ ಬರೆಯುವುದು. ಹೀಗಾಗಿ ಕ್ರೀಡಾಪಟುಗಳಿಗೆ ಮಾತ್ರವಲ್ಲ, ವಾಣಿಜ್ಯ ವಿಭಾಗದ ನಮಗೂ ಅವರು ಹತ್ತಿರದವರು. ಅವರ ಹೆಸರು ಜಾರ್ಜ್ ಐಸರ್.

ಐಸರ್ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಜರ್ಮನಿಯ ಕೀಲ್ ಎಂಬ ಬಂದರು ನಗರದಲ್ಲಿ. ಅವರಿಗೆ ಹದಿನಾಲ್ಕು ವರ್ಷವಾಗಿದ್ದಾಗ ಕುಟುಂಬ ಅಮೆರಿಕಕ್ಕೆ ವಲಸೆ ಹೋಯಿತು. 1894ರಲ್ಲಿ ಅವರು ಅಮೆರಿಕದ ಪ್ರಜೆಯಾದರು. ಮುಂದೆ ಸೇಂಟ್ ಲೂಯಿಸ್ ನಗರದಲ್ಲಿ ನೆಲೆಸಿ, ಕಟ್ಟಡ ನಿರ್ಮಾಣದ ಕಂಪನಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತರಾದರು.

ಅಮೆರಿಕಕ್ಕೆ ಹೋದ ಜರ್ಮನ್ನರು ತಮ್ಮ ಜೊತೆ ವ್ಯಾಯಾಮದ ಪದ್ಧತಿಯನ್ನೂ ಕೊಂಡೊಯ್ದಿದ್ದರು. ನಮ್ಮ ಊರುಗಳಲ್ಲಿ ಗರಡಿ ಮನೆ ಇದ್ದ ಹಾಗೆ, ಅವರು ನೆಲೆಸಿದ ಊರುಗಳಲ್ಲಿ ಟರ್ನ್‌ವೆರೈನ್ ಎಂಬ ವ್ಯಾಯಾಮ ಸಂಘಗಳಿದ್ದವು. ಐಸರ್ ಸೇಂಟ್ ಲೂಯಿಸ್‌ನ ಕಾನ್ಕಾರ್ಡಿಯಾ ಸಂಘದ ಸದಸ್ಯರು.

ಅವರ ಬದುಕಿನ ದೊಡ್ಡ ಆಘಾತ ರೈಲಿನಿಂದ ಬಂತು. ರೈಲು ಹರಿದು ಎಡಗಾಲನ್ನು ಕಳೆದುಕೊಂಡರು. ಅದರ ಜಾಗದಲ್ಲಿ ಮರದ ಕಾಲು ಬಂತು. ಇಂದಿನ ಹಗುರವಾದ ಕೃತಕ ಕಾಲುಗಳಂತೆ ಅದು ಪುಟಿಯುವುದಿಲ್ಲ, ಬಾಗುವುದಿಲ್ಲ. ಕಾಲು ಹೋದವನಿಗೆ ಜಿಮ್ನಾಸ್ಟಿಕ್ಸ್ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಬಹುದು. ಐಸರ್ ಅದಕ್ಕೆ ಉತ್ತರ ಕೊಟ್ಟಿದ್ದು ಕೈಗಳಿಂದ.

1904ರ ಒಲಿಂಪಿಕ್ಸ್ ಐಸರ್ ಅವರ ಊರಿಗೇ ಬಂತು. ಸೇಂಟ್ ಲೂಯಿಸ್‌ನಲ್ಲಿ ನಡೆಯುತ್ತಿದ್ದ ದೊಡ್ಡ ವಿಶ್ವ ಪ್ರದರ್ಶನದ ಜೊತೆಗೇ ಆ ಕ್ರೀಡಾಕೂಟವೂ ನಡೆಯಿತು. ಮೊದಲ ಮೂರು ಸ್ಥಾನಗಳಿಗೆ ಚಿನ್ನ, ಬೆಳ್ಳಿ, ಕಂಚು ಕೊಡುವ ಪದ್ಧತಿ ಆರಂಭವಾಗಿದ್ದೂ ಅಲ್ಲಿಂದಲೇ. ದೂರದ ಪ್ರಯಾಣದ ಕಾರಣ ಯುರೋಪಿನಿಂದ ಬಂದವರು ಕಡಿಮೆ. ಜಿಮ್ನಾಸ್ಟಿಕ್ಸ್‌ನಲ್ಲಿ ಬಹುತೇಕ ಸ್ಪರ್ಧಿಗಳು ಅಮೆರಿಕದ ವ್ಯಾಯಾಮ ಸಂಘಗಳವರೇ.

ಜಿಮ್ನಾಸ್ಟಿಕ್ಸ್ ಎರಡು ಹಂತಗಳಲ್ಲಿ ನಡೆಯಿತು. ಜುಲೈ ತಿಂಗಳ ಮೊದಲ ಹಂತದಲ್ಲಿ ಬಾರ್‌ಗಳ ಮೇಲಿನ ಆಟದ ಜೊತೆಗೆ ಓಟ, ಉದ್ದ ಜಿಗಿತ ಮತ್ತು ಗುಂಡು ಎಸೆತವನ್ನೂ ಸೇರಿಸಿದ್ದರು. ಸಲಕರಣೆಗಳ ಮೇಲಿನ ಆಟದಲ್ಲಿ ಐಸರ್ 10ನೇ ಸ್ಥಾನ ಪಡೆದರು. ಓಟ, ಜಿಗಿತ, ಎಸೆತದಲ್ಲಿ ಅವರದು 118ನೇ ಸ್ಥಾನ, ಅಂದರೆ ಕಟ್ಟಕಡೆಯದು. ಎರಡನ್ನೂ ಸೇರಿಸಿದಾಗ 71ನೇ ಸ್ಥಾನಕ್ಕೆ ಇಳಿದರು. ಮರದ ಕಾಲಿನವರಿಗೆ ಬೇರೆ ವಿಭಾಗವಾಗಲಿ, ಗ್ರೇಸ್ ಮಾರ್ಕ್ಸ್ ಆಗಲಿ ಇರಲಿಲ್ಲ.

ಅಲ್ಲಿಗೇ ನಿಂತಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ. ಆದರೆ ಸುಮಾರು ನಾಲ್ಕು ತಿಂಗಳ ನಂತರ, ಅಕ್ಟೋಬರ್ ಹಂತಕ್ಕೆ ಅವರು ಮತ್ತೆ ಬಂದರು. ಈ ಬಾರಿ ಓಟ, ಜಿಗಿತ ಇರಲಿಲ್ಲ.

1904ರ ಅಕ್ಟೋಬರ್ 29. ಎರಡು ಸಮಾನಾಂತರ ಕಂಬಿಗಳ ಮೇಲೆ ದೇಹವನ್ನು ತೂಗುವ ಪ್ಯಾರಲಲ್ ಬಾರ್‌ನಲ್ಲಿ ಐಸರ್ 44 ಅಂಕ ಗಳಿಸಿ ಚಿನ್ನ ಗೆದ್ದರು. 25 ಅಡಿ ಎತ್ತರದ ಹಗ್ಗವನ್ನು 7 ಸೆಕೆಂಡಿನಲ್ಲಿ ಹತ್ತಿ ಮತ್ತೊಂದು ಚಿನ್ನ ಪಡೆದರು. ಎರಡನೆಯವರಿಗೂ ಅವರಿಗೂ ಇದ್ದ ಅಂತರ ಒಂದು ಸೆಕೆಂಡಿನ ಹತ್ತನೇ ಎರಡು ಭಾಗ ಮಾತ್ರ. ಮೂರನೇ ಚಿನ್ನ ವಾಲ್ಟ್‌ನಲ್ಲಿ ಬಂತು. ಉದ್ದನೆಯ ಕುದುರೆಯಾಕಾರದ ಸಲಕರಣೆಯನ್ನು ಹಾರಿ ದಾಟುವ ಆಟ ಅದು. ಆಗ ಪುಟಿಯುವ ಹಲಗೆಯ ಸಹಾಯವೂ ಇರಲಿಲ್ಲ. ಅಲ್ಲಿ ಫಿಲಡೆಲ್ಫಿಯಾದ ಆಂಟನ್ ಹೈಡಾ ಅವರ ಜೊತೆ ಸಮಾನ ಅಂಕ ಬಂದು, ಇಬ್ಬರೂ ಚಿನ್ನ ಹಂಚಿಕೊಂಡರು. ಇವುಗಳ ಜೊತೆಗೆ ಪೊಮ್ಮೆಲ್ ಹಾರ್ಸ್‌ನಲ್ಲಿ ಬೆಳ್ಳಿ, ಅಡ್ಡ ಕಂಬಿಯಲ್ಲಿ ಕಂಚು, ನಾಲ್ಕು ಆಟಗಳ ಒಟ್ಟು ಅಂಕದಲ್ಲಿ ಬೆಳ್ಳಿ.

ಈ ಒಟ್ಟು ಅಂಕವನ್ನು ನಾನೇ ಕೂಡಿ ನೋಡಿದೆ. ಪ್ಯಾರಲಲ್ ಬಾರ್ 44, ಅಡ್ಡ ಕಂಬಿ 39, ವಾಲ್ಟ್ 36, ಪೊಮ್ಮೆಲ್ ಹಾರ್ಸ್ 33. ಮೊತ್ತ 152. ಹೈಡಾ ಅವರದು 43, 40, 36, 42. ಮೊತ್ತ 161. ವ್ಯತ್ಯಾಸ 9 ಅಂಕ. ಪ್ಯಾರಲಲ್ ಬಾರ್‌ನಲ್ಲಿ ಐಸರ್ ಒಂದು ಅಂಕ ಮುಂದೆ, ಅಡ್ಡ ಕಂಬಿಯಲ್ಲಿ ಒಂದು ಹಿಂದೆ, ವಾಲ್ಟ್‌ನಲ್ಲಿ ಸಮ. ಹಾಗಾದರೆ ಆ 9 ಅಂಕ ಹೋಗಿದ್ದು ಪೊಮ್ಮೆಲ್ ಹಾರ್ಸ್ ಒಂದರಲ್ಲೇ. ಕೈ ಊರಿಕೊಂಡು ಎರಡೂ ಕಾಲುಗಳನ್ನು ಗಾಳಿಯಲ್ಲಿ ಬೀಸಿ ಸುತ್ತಿಸಬೇಕಾದ ಆಟ ಅದು. ಅದರಲ್ಲೂ ಎರಡು ಕಾಲಿನ ಉಳಿದವರನ್ನು ಹಿಂದಿಕ್ಕಿ ಐಸರ್ ಬೆಳ್ಳಿ ಗೆದ್ದರು ಎಂಬುದನ್ನು ಮರೆಯಬಾರದು.

ಜುಲೈಯ ಐಸರ್ ಮತ್ತು ಅಕ್ಟೋಬರಿನ ಐಸರ್ ಬೇರೆ ಬೇರೆ ಮನುಷ್ಯರಲ್ಲ. ಜುಲೈಯಲ್ಲಿ ಅವರಲ್ಲಿ ಇಲ್ಲದ್ದನ್ನು ಅಳೆದರು, ಕೊನೆಯ ಸ್ಥಾನ ಬಂತು. ಅಕ್ಟೋಬರಿನಲ್ಲಿ ಇರುವುದನ್ನು ಅಳೆದರು, ಆರು ಪದಕ ಬಂತು. ಎರಡು ಫಲಿತಾಂಶವೂ ನಿಜವೇ. ಮೊದಲನೆಯದನ್ನೇ ಕೊನೆಯ ತೀರ್ಪು ಎಂದು ಐಸರ್ ಒಪ್ಪಿಕೊಳ್ಳಲಿಲ್ಲ, ಅಷ್ಟೇ. ನಮ್ಮ ಮನೆಯಲ್ಲಿ ಹಿರಿಯರು ಇದನ್ನೇ ಹಿಮ್ಮತ್ ಎನ್ನುತ್ತಾರೆ.

ಅವರ ಆಟ ಅಲ್ಲಿಗೇ ಮುಗಿಯಲಿಲ್ಲ. 1908ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಕೂಟದಲ್ಲಿ ಗೆದ್ದ ಕಾನ್ಕಾರ್ಡಿಯಾ ತಂಡದಲ್ಲಿ ಅವರಿದ್ದರು. ಹುಡುಗನಾಗಿ ಬಿಟ್ಟು ಹೋದ ದೇಶದಲ್ಲೇ ಆ ಗೆಲುವು ಬಂತು. ಮರುವರ್ಷ ಸಿನ್ಸಿನಾಟಿಯ ಕೂಟದಲ್ಲೂ ಅದೇ ತಂಡ ಗೆದ್ದಿತು. ಆ ದಿನಗಳ ಒಂದು ಗುಂಪು ಫೋಟೋ ಇಂದಿಗೂ ಸಿಗುತ್ತದೆ. ಅದರಲ್ಲಿ ಐಸರ್ ಮೂಲೆಯಲ್ಲಿಲ್ಲ, ಗೆಳೆಯರ ನಡುವೆ ನಿಂತಿದ್ದಾರೆ.

1919ರಲ್ಲಿ ಐಸರ್ ತೀರಿಕೊಂಡರು. ವಿಶೇಷಚೇತನರ ಮೊದಲ ಪ್ಯಾರಾಲಿಂಪಿಕ್ಸ್ ರೋಮ್‌ನಲ್ಲಿ ನಡೆದಿದ್ದು 1960ರಲ್ಲಿ. ಹಾಗಾಗಿ ಅಂಥ ಕ್ರೀಡಾಕೂಟವೊಂದು ಬರುತ್ತದೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ.

ಸ್ನೇಹಿತರೇ, ನಮ್ಮಲ್ಲಿ ಕೆಲವರು ಒಂದು ಪರೀಕ್ಷೆಯ ಫಲಿತಾಂಶ ನೋಡಿ ತಮ್ಮ ಇಡೀ ಬದುಕಿನ ಲೆಕ್ಕವನ್ನೇ ಮುಗಿಸಿಬಿಡುತ್ತಾರೆ. ಲೆಕ್ಕ ಬರೆಯುವವರಿಗೆ ಗೊತ್ತು, ವರ್ಷ ಮುಗಿಯುವ ಮೊದಲು ಪುಸ್ತಕ ಮುಚ್ಚುವಂತಿಲ್ಲ. ನಷ್ಟವನ್ನು ಅಳಿಸುವಂತಿಲ್ಲ, ಅದನ್ನು ಅದರ ಜಾಗದಲ್ಲಿ ಬರೆಯಲೇಬೇಕು. ಆದರೆ ಎದುರಿನ ಪುಟದಲ್ಲಿ ಏನು ಉಳಿದಿದೆ ಎಂಬುದನ್ನೂ ಅಷ್ಟೇ ಪ್ರಾಮಾಣಿಕವಾಗಿ ಬರೆಯಬೇಕು. ಸೇಂಟ್ ಲೂಯಿಸ್‌ನ ಆ ಗುಮಾಸ್ತರ ಪುಸ್ತಕದಲ್ಲಿ ಒಂದು ಕಡೆ ಒಂದು ಕಾಲು ಇತ್ತು, ಇನ್ನೊಂದು ಕಡೆ ಎರಡು ಕೈಗಳಿದ್ದವು.