ಇರಾವತಿ ಕರ್ವೆ: ಸಮಾಜಶಾಸ್ತ್ರದ ಹಾದಿಯಲ್ಲಿ ಭಾಷೆ

ಪದವಿ ತರಗತಿಗಳ ಪ್ರವೇಶದ ದಿನಗಳಲ್ಲಿ ಸಮಾಜವಿಜ್ಞಾನವನ್ನು ಆರಿಸಿಕೊಳ್ಳಬೇಕೋ, ಪರಭಾಷೆಯೊಂದನ್ನು ಆರಿಸಿಕೊಳ್ಳಬೇಕೋ ಎಂದು ತಿಳಿಯದೆ ವಿಭಾಗದ ಬಾಗಿಲಲ್ಲಿ ನಿಲ್ಲುವ ವಿದ್ಯಾರ್ಥಿಗಳನ್ನು ಕಂಡಾಗಲೆಲ್ಲ ನನಗೆ ಪುಣೆಯ ಇರಾವತಿ ಕರ್ವೆಯವರ ನೆನಪಾಗುತ್ತದೆ. ಮರಾಠಿ ಲೇಖಕಿಯೂ ಸಮಾಜಶಾಸ್ತ್ರಜ್ಞೆಯೂ ಆಗಿದ್ದ ಈ ವಿದುಷಿಯ ಜೀವನಕ್ಕೆ ಕನ್ನಡ ವಿಭಾಗದ ಸಂಸ್ಮರಣ ಸಂಪುಟದಲ್ಲಿ ಏನು ಸ್ಥಾನವೆಂದು ಕೇಳುವವರಿರಬಹುದು. ನಾವು ಮನೆಯಲ್ಲಿ ದಿನವೂ ಆಡುವ ಅತ್ತೆ, ಮಾವ, ಅಳಿಯ ಎಂಬಂಥ ಮಾತುಗಳನ್ನು ಶಾಸ್ತ್ರೀಯ ಆಧಾರಗಳೆಂದು ಎತ್ತಿಕೊಂಡು ಪರಿಶೀಲಿಸಿದವರಲ್ಲಿ ಅವರು ಪ್ರಮುಖರು ಎಂಬುದೇ ನನ್ನ ಸಮಾಧಾನ.

ಇರಾವತಿಯವರು ಹುಟ್ಟಿದ್ದು 1905ರ ಡಿಸೆಂಬರ್ 15ರಂದು, ಬರ್ಮಾ ದೇಶದಲ್ಲಿ. ತಂದೆ ಗಣೇಶ ಹರಿ ಕರ್ಮಾರ್ಕರ್ ಅಲ್ಲಿ ಇಂಜಿನಿಯರರಾಗಿದ್ದರು. ಅಲ್ಲಿನ ಮಹಾನದಿಯ ಹೆಸರೇ ಮಗಳ ಹೆಸರಾಯಿತು. ಏಳನೆಯ ವಯಸ್ಸಿನಲ್ಲಿ ಬಾಲಕಿಯನ್ನು ಪುಣೆಯ ಹುಜೂರ್‌ಪಾಗಾ ಶಾಲೆಗೆ ಕಳುಹಿಸಲಾಯಿತು. ಮುಂದೆ ಫರ್ಗ್ಯುಸನ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ರ್‍ಯಾಂಗ್ಲರ್ ಪರಾಂಜಪೆಯವರ ಮನೆಯಲ್ಲಿ ಬೆಳೆಯುವ ಸುಯೋಗ ಒದಗಿತು. ಅದೇ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಆರಿಸಿಕೊಂಡು 1926ರಲ್ಲಿ ಬಿ.ಎ. ಪದವಿ ಪಡೆದರು.

ಆಗಿನ್ನೂ ಸಮಾಜಶಾಸ್ತ್ರ ನಮ್ಮಲ್ಲಿ ಎಳೆಯ ಶಾಸ್ತ್ರ. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಅದರ ವಿಭಾಗ ಆರಂಭವಾದದ್ದೇ 1919ರಲ್ಲಿ. ದಕ್ಷಿಣಾ ವೇತನದ ನೆರವಿನಿಂದ ಇರಾವತಿಯವರು ಅಲ್ಲಿ ಜಿ. ಎಸ್. ಘುರ್ಯೆಯವರ ಶಿಷ್ಯೆಯಾದರು. ಘುರ್ಯೆಯವರೂ ಸಂಸ್ಕೃತದಲ್ಲಿ ಎಂ.ಎ. ಮಾಡಿ, ಅನಂತರ ಇಂಗ್ಲೆಂಡಿಗೆ ಹೋಗಿ ಸಮಾಜಶಾಸ್ತ್ರಕ್ಕೆ ಹೊರಳಿದವರೆಂಬುದನ್ನು ಇಲ್ಲಿ ನೆನೆಯಬೇಕು. ಚಿತ್ಪಾವನ ಬ್ರಾಹ್ಮಣರನ್ನು ಕುರಿತ ಪ್ರಬಂಧಕ್ಕೆ 1928ರಲ್ಲಿ ಎಂ.ಎ. ಪದವಿ ದೊರೆಯಿತು. ಈ ನಡುವೆ ಮಹರ್ಷಿ ಧೋಂಡೋ ಕೇಶವ ಕರ್ವೆಯವರ ಪುತ್ರ, ರಸಾಯನಶಾಸ್ತ್ರಜ್ಞ ದಿನಕರ ಕರ್ವೆಯವರೊಡನೆ ವಿವಾಹವೂ ನಡೆದಿತ್ತು.

ಅದೇ ವರ್ಷ ಅವರು ಬರ್ಲಿನ್ನಿಗೆ ಹೊರಟರು. ಸ್ತ್ರೀಶಿಕ್ಷಣಕ್ಕೆ ಬಾಳನ್ನೇ ಮುಡಿಪಿಟ್ಟ ಮಾವನವರಿಗೂ ಸೊಸೆಯ ಈ ಪ್ರಯಾಣ ಒಪ್ಪಿಗೆಯಾಗಿರಲಿಲ್ಲ. ಜೀವರಾಜ ಮೆಹತಾ ಅವರಿತ್ತ ಸಾಲದಿಂದ ದಾರಿಯಾಯಿತು. ಪದವಿಗೆ ಪರಭಾಷೆಯನ್ನು ಮುಖ್ಯವಿಷಯವಾಗಿ ಆರಿಸದೆ ಹೋದವರು ಈಗ ಜರ್ಮನ್ ಭಾಷೆಯಲ್ಲಿಯೇ ಸಂಶೋಧನ ಪ್ರಬಂಧವನ್ನು ಬರೆಯಬೇಕಾಗಿ ಬಂತು. ಮಾರ್ಗದರ್ಶಕರಾದ ಓಯ್ಗೆನ್ ಫಿಷರ್ ಜನಾಂಗಗಳಲ್ಲಿ ಮೇಲುಕೀಳನ್ನು ನಂಬಿದ್ದವರು. ತಲೆಬುರುಡೆಯ ಎಡಬಲಗಳ ಅಸಮತೆಗೂ ಯುರೋಪಿಯನ್ನರ ಬೌದ್ಧಿಕ ಶ್ರೇಷ್ಠತೆಗೂ ಸಂಬಂಧವಿದೆಯೆಂಬುದು ಅವರ ಊಹೆ. ಇರಾವತಿಯವರು ಬುರುಡೆಗಳನ್ನು ಅಳೆದು ನೋಡಿ, ಆ ಅಸಮತೆಗೂ ಜನಾಂಗಕ್ಕೂ ಸಂಬಂಧ ಕಾಣುವುದಿಲ್ಲವೆಂದು ನಿರ್ಣಯಿಸಿದರು. ಗುರುವಿನ ಮತವನ್ನು ಗುರುವಿನ ಭಾಷೆಯಲ್ಲಿಯೇ ಅಲ್ಲಗಳೆದ ಈ ಧೈರ್ಯ ಸಾಮಾನ್ಯವಾದುದಲ್ಲ.

ಇಷ್ಟು ಓದಿ ಬಂದವರಿಗೆ ತಕ್ಷಣ ಪಾಠ ಹೇಳುವ ಹುದ್ದೆ ಸಿಕ್ಕಲಿಲ್ಲ. 1931ರಿಂದ 1936ರವರೆಗೆ ಮಹಿಳಾ ವಿಶ್ವವಿದ್ಯಾಲಯದ ಕುಲಸಚಿವರಾಗಿ ಕಡತಗಳ ನಡುವೆ ಕಾಲ ಕಳೆದರು. ಮುಚ್ಚಿಹೋಗಿದ್ದ ಡೆಕ್ಕನ್ ಕಾಲೇಜು 1939ರಲ್ಲಿ ಸ್ನಾತಕೋತ್ತರ ಸಂಶೋಧನ ಸಂಸ್ಥೆಯಾಗಿ ಮತ್ತೆ ತೆರೆದಾಗ ಸಮಾಜಶಾಸ್ತ್ರದ ಪ್ರವಾಚಕರಾದರು. ಭಾಷಾವಿಜ್ಞಾನಿ ಎಸ್. ಎಂ. ಕತ್ರೆ, ಪುರಾತತ್ತ್ವಜ್ಞ ಎಚ್. ಡಿ. ಸಾಂಕಳಿಯಾ ಅಲ್ಲಿನ ಸಹೋದ್ಯೋಗಿಗಳು. ಭಾಷೆ, ನೆಲ, ಸಮಾಜ ಮೂರನ್ನೂ ಒಂದೇ ಆವರಣದಲ್ಲಿ ವಿಚಾರಿಸುವ ಅಂಥ ನೆರೆಹೊರೆ ನಮ್ಮ ಎಷ್ಟು ವಿಶ್ವವಿದ್ಯಾಲಯಗಳಲ್ಲಿದೆ?

ಭಾರತದ ಬಂಧುತ್ವ ವ್ಯವಸ್ಥೆಯನ್ನು ಕುರಿತು 1953ರಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಗ್ರಂಥ ಈ ನೆರೆಹೊರೆಯಲ್ಲಿ ಹುಟ್ಟಿದ್ದು. ದೇಶವನ್ನು ಉತ್ತರ, ಮಧ್ಯ, ದಕ್ಷಿಣ, ಪೂರ್ವ ಎಂಬ ನಾಲ್ಕು ವಲಯಗಳಾಗಿ ವಿಂಗಡಿಸಿ, ಪ್ರತಿಯೊಂದು ಭಾಷೆಯ ಸಂಬಂಧವಾಚಕ ಪದಗಳನ್ನು ಅವರು ಕಲೆಹಾಕಿದರು. ಹಿಂದಿಯಲ್ಲಿ ತಾಯಿಯ ಸೋದರನಿಗೆ ಒಂದು ಹೆಸರು, ಗಂಡನ ತಂದೆಗೆ ಇನ್ನೊಂದು. ಕನ್ನಡದಲ್ಲಿ ಇಬ್ಬರೂ ಮಾವಂದಿರೇ. ತಂದೆಯ ಸೋದರಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಸೋದರಿಕೆಯ ಮದುವೆ ರೂಢಿಯಲ್ಲಿರುವೆಡೆ ಇಬ್ಬರೂ ಒಬ್ಬರೇ ಆಗಿರಬಹುದಾದ್ದರಿಂದ ಒಂದೇ ಪದ ಸಾಲುತ್ತದೆ. ಉತ್ತರದ ವಧು ಅಪರಿಚಿತರ ಊರಿಗೆ ಹೋಗುತ್ತಾಳೆ. ದಕ್ಷಿಣದವಳು ಅನೇಕ ವೇಳೆ ಎಳವೆಯಿಂದ ಬಲ್ಲ ಮನೆಯನ್ನೇ ಸೇರುತ್ತಾಳೆ. ಎರಡರ ನಡುವೆ ಮಹಾರಾಷ್ಟ್ರ: ಆಡುವುದು ಆರ್ಯಭಾಷೆ, ಆದರೆ ಅಲ್ಲಿನ ಎಷ್ಟೋ ಜಾತಿಗಳಲ್ಲಿ ಸೋದರಮಾವನ ಮಗಳನ್ನು ತರುವ ವಾಡಿಕೆ. ಕನ್ನಡ–ಮರಾಠಿ ಬಾಂಧವ್ಯವನ್ನು ಶಾಸನಗಳಲ್ಲಿ ಮಾತ್ರ ಹುಡುಕುವ ನಮ್ಮವರು ಈ ಪುಟಗಳನ್ನು ಹೆಚ್ಚು ಓದಿಲ್ಲವೆಂಬುದು ನನ್ನ ಕೊರಗು.

ಅವರ ಎಲ್ಲ ಮಾತನ್ನೂ ಇಂದು ಒಪ್ಪಬೇಕಾಗಿಲ್ಲ. ಭಾಷೆಯ ಎಲ್ಲೆಯೂ ಬಂಧುತ್ವದ ಎಲ್ಲೆಯೂ ಸದಾ ಒಂದೇ ಆಗಿರುವುದಿಲ್ಲ. ಕರ್ನಾಟಕದೊಳಗೇ ಅಳಿಯಸಂತಾನದ ಕರಾವಳಿಗೂ ಬಯಲುಸೀಮೆಗೂ ಬಹಳ ಅಂತರವಿದೆ. ದೇಹಮಾಪನದಲ್ಲಿ ಅವರಿಗಿದ್ದ ವಿಶ್ವಾಸವೂ ಈಗ ಹಳತಾಗಿದೆ.

ಅವರ ಕೊನೆಯ ವರ್ಷಗಳ ಕೃತಿ, ಮಹಾಭಾರತದ ಪಾತ್ರಗಳನ್ನು ಮನುಷ್ಯರಾಗಿ ಕಾಣುವ ಮರಾಠಿಯ ಯುಗಾಂತ. ಪುಣೆಯ ಭಂಡಾರ್ಕರ್ ಸಂಸ್ಥೆ ಸಿದ್ಧಪಡಿಸಿದ ಪರಿಷ್ಕೃತ ಪಾಠವೇ ಅದಕ್ಕೆ ಆಧಾರ. ಸಂಸ್ಕೃತವನ್ನು ಬಲ್ಲ ಸಮಾಜಶಾಸ್ತ್ರಜ್ಞೆಯಲ್ಲದೆ ಬೇರೆಯವರು ಅದನ್ನು ಬರೆಯಲಾರರು. 1968ರಲ್ಲಿ ಆ ಕೃತಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಎರಡು ವರ್ಷಗಳ ತರುವಾಯ, 1970ರ ಆಗಸ್ಟ್ 11ರಂದು, ಅವರು ಪುಣೆಯಲ್ಲಿ ತೀರಿಕೊಂಡರು.