ದಾಂಪತ್ಯಕ್ಕೆ ದಾರಿದೀಪ: ಶರಣೆ ಆಯ್ದಕ್ಕಿ ಲಕ್ಕಮ್ಮನವರು

12ನೆಯ ಶತಮಾನದಲ್ಲಿ ನಾಡಿನ ನಾನಾ ದಿಕ್ಕುಗಳಿಂದ ಕಲ್ಯಾಣಕ್ಕೆ ಬಂದು ನೆಲೆಸಿದ ಶರಣ ದಂಪತಿಗಳಲ್ಲಿ ಆಯ್ದಕ್ಕಿ ಮಾರಯ್ಯನವರು ಮತ್ತು ಲಕ್ಕಮ್ಮನವರು ಪ್ರಾತಃಸ್ಮರಣೀಯರು. ಇವರು ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದವರು. ಬಸವಣ್ಣನವರ ಕೀರ್ತಿಯನ್ನು ಕೇಳಿ, ಕೃಷ್ಣೆಯನ್ನೂ ಭೀಮೆಯನ್ನೂ ದಾಟಿ ಕಲ್ಯಾಣವನ್ನು ಸೇರಿದರು. ಆ ಕಲ್ಯಾಣವು ನಮ್ಮ ಭಾಗದವರಿಗೆ ದೂರದ ಊರಲ್ಲ. ಚಿಂಚೋಳಿ ತಾಲೂಕಿನ ಗಡಿ ದಾಟಿದರೆ ಬೀದರ ಜಿಲ್ಲೆ. ಆ ಜಿಲ್ಲೆಯಲ್ಲಿಯೇ ಇಂದಿನ ಬಸವಕಲ್ಯಾಣವಿದೆ.

ಲಕ್ಕಮ್ಮನವರನ್ನು ಅವರ ಕಾಯಕನಿಷ್ಠೆಗಾಗಿ, ದಾಸೋಹಭಾವಕ್ಕಾಗಿ ನಾವು ಸದಾ ಸ್ಮರಿಸುತ್ತ ಬಂದಿದ್ದೇವೆ. ಗೃಹಸ್ಥರು ಮನಗಾಣಬೇಕಾದ ಇನ್ನೊಂದು ಪಾಠವೂ ಅವರ ಬದುಕಿನಲ್ಲಿದೆ. ಸತಿಪತಿಗಳಿಬ್ಬರ ಒಲವು ಒಂದೇ ಬಗೆಯಲ್ಲಿ ಪ್ರಕಟವಾಗುವುದಿಲ್ಲ. ಒಬ್ಬರು ಒಲವೆಂದು ಕೊಟ್ಟದ್ದು ಇನ್ನೊಬ್ಬರಿಗೆ ಒಲವಾಗಿ ಕಾಣದೆ ಹೋಗುವುದುಂಟು. ಅಂತಹ ಗಳಿಗೆಯನ್ನು ಈ ದಂಪತಿಗಳು ಹೇಗೆ ದಾಟಿದರೆಂಬುದನ್ನು ಇಲ್ಲಿ ಅರಿಯೋಣ.

ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಅದನ್ನು ಅಡಿಗೆ ಮಾಡಿ ಜಂಗಮರಿಗೆ ನೀಡಿ, ಉಳಿದುದನ್ನು ಪ್ರಸಾದವಾಗಿ ಸ್ವೀಕರಿಸುವುದು ಲಕ್ಕಮ್ಮನವರ ದಿನಚರಿ. ನಾಳೆಗೆಂದು ಕೂಡಿಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ.

ಶೂನ್ಯಸಂಪಾದನೆಯು ಈ ದಂಪತಿಗಳ ಪ್ರಸಂಗವನ್ನು ವಿಸ್ತಾರವಾಗಿ ನಿರೂಪಿಸುತ್ತದೆ. ಒಮ್ಮೆ ಮಾರಯ್ಯನವರು ಶರಣರ ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತರು. ಕಾಯಕದ ಹೊತ್ತು ಮೀರಿತು. ಲಕ್ಕಮ್ಮನವರು ಪತಿಯನ್ನು ಎಚ್ಚರಿಸಿ, ನಿಂತ ಕಾಯಕಕ್ಕೆ ಕಳುಹಿದರು. ಅವಸರದಿಂದ ಹೋದ ಮಾರಯ್ಯನವರು ಅಂದು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಅವರ ನಿಷ್ಠೆಯನ್ನು ಪರೀಕ್ಷಿಸಲೆಂದು ಬಸವಣ್ಣನವರೇ ಹೆಚ್ಚು ಅಕ್ಕಿ ಚೆಲ್ಲಿಸಿದ್ದರೆಂದೂ ಹೇಳುವುದುಂಟು. ತಡವಾಯಿತೆಂಬ ಅಳುಕು, ಮಡದಿಯ ಮನಸ್ಸು ಸಂತೋಷಗೊಳ್ಳಲೆಂಬ ಬಯಕೆ ಆ ಹೆಚ್ಚಿನ ಅಕ್ಕಿಯಲ್ಲಿ ಇದ್ದಿರಬೇಕೆಂದು ನಾವು ಭಾವಿಸುತ್ತೇವೆ.

ಲಕ್ಕಮ್ಮನವರು ಸಂತೋಷಪಡಲಿಲ್ಲ. ಅಗತ್ಯಕ್ಕೆ ಮೀರಿದ್ದು ಆಸೆಯ ಫಲವೆಂದು ತಿಳಿಸಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದರು. ದುಡಿದು ದಣಿದು ಬಂದ ಪತಿಗೆ ಇಂತಹ ಮಾತು ಕಠಿಣವಾಗಿ ಕೇಳಿಸುವುದು ಸಹಜ. ತನ್ನ ಶ್ರಮಕ್ಕೆ ಬೆಲೆಯಿಲ್ಲವಾಯಿತೆಂದು ಅವರು ಮುನಿಯಬಹುದಾಗಿತ್ತು. ಆದರೆ ಆ ನಿಷ್ಠುರದ ಹಿಂದಿನ ಕಾಳಜಿ ಮಾರಯ್ಯನವರಿಗೆ ಅರ್ಥವಾಯಿತು. ತನ್ನ ಪತಿಯ ವ್ರತಕ್ಕೆ ಎಳ್ಳಷ್ಟೂ ಕುಂದು ಬರಬಾರದೆಂಬುದೇ ಆಕೆಯ ಒಲವಿನ ರೀತಿ ಎಂಬುದನ್ನು ಅವರು ಅರಿತರು. ಸತಿಯ ಮಾತನ್ನು ಗುರುವಿನ ಮಾತಿನಂತೆ ಸ್ವೀಕರಿಸಿ ನಡೆದರು.

ಲಕ್ಕಮ್ಮನವರ ನಡೆಯಲ್ಲಿಯೂ ಒಂದು ಸೂಕ್ಷ್ಮವಿದೆ. ಅವರು ಹಿಂದಕ್ಕೆ ಕಳುಹಿದ್ದು ಮಿಗಿಲಾದ ಅಕ್ಕಿಯನ್ನು ಮಾತ್ರ. ಪತಿ ನಿತ್ಯ ತರುವಷ್ಟನ್ನು ಎಂದಿನಂತೆ ಅಡಿಗೆ ಮಾಡಿದರು. ಅವರು ಪತಿಯನ್ನು ಎಷ್ಟು ಗೌರವಿಸಿದರೆಂಬುದಕ್ಕೆ ಅವರ ವಚನಗಳ ಅಂಕಿತವೇ ಸಾಕ್ಷಿ. ಮಾರಯ್ಯನವರ ಅಂಕಿತ ಅಮರೇಶ್ವರಲಿಂಗ. ಲಕ್ಕಮ್ಮನವರ ಅಂಕಿತ ಮಾರಯ್ಯಪ್ರಿಯ ಅಮರೇಶ್ವರಲಿಂಗ. ಲಿಂಗದ ಹೆಸರಿನೊಂದಿಗೆ ಪತಿಯ ಹೆಸರನ್ನೂ ಸೇರಿಸಿಕೊಂಡೇ ಅವರು ತಮ್ಮ ವಚನಗಳನ್ನು ಮುಗಿಸಿದರು. ಎದುರಿಗೆ ನಿಷ್ಠುರವಾಗಿ ನುಡಿದ ಆಕೆ ಪ್ರತಿ ವಚನದಲ್ಲಿಯೂ ಪತಿಯನ್ನು ಪ್ರೀತಿಯಿಂದ ನೆನೆದಿದ್ದಾರೆ. ಚಿತ್ತಶುದ್ಧಿಯುಳ್ಳ ಕಾಯಕಜೀವಿಗೆ ಬಡತನವೆಂಬುದಿಲ್ಲವೆಂದು ಸಾರಿದ ಈ ಶರಣೆ, ಅಲ್ಪ ಅಕ್ಕಿಯಲ್ಲಿಯೇ 1,96,000 ಜಂಗಮರಿಗೆ ದಾಸೋಹ ನೆರವೇರಿಸಿದರೆಂಬ ಕಥೆ ನಮ್ಮ ಜನರ ಬಾಯಲ್ಲಿ ಇಂದಿಗೂ ಉಳಿದಿದೆ.

ಈ ಚರಿತ್ರೆಯನ್ನು ಇಂದು ನೆನೆಯಲು ಕಾರಣವಿದೆ. ಶಹಾಬಾದಿನ ಕಲ್ಲುಗಣಿಯಲ್ಲಿ, ವಾಡಿ ಮತ್ತು ಸೇಡಂನ ಸಿಮೆಂಟ್ ಕಾರ್ಖಾನೆಗಳ ರಾತ್ರಿ ಪಾಳಿಯಲ್ಲಿ, ಚಿತ್ತಾಪುರದ ತೊಗರಿ ಹೊಲಗಳಲ್ಲಿ ಮೈಮುರಿದು ದುಡಿಯುವವರು ನಮ್ಮ ಭಕ್ತರು. ಚಿಂಚೋಳಿ ಭಾಗದಿಂದ ಹೈದರಾಬಾದಿಗೆ ದುಡಿಯಲು ಹೋಗಿ, ಹಬ್ಬಕ್ಕೊಮ್ಮೆ ಮನೆಗೆ ಬರುವವರೂ ಇದ್ದಾರೆ. ಮನಸ್ತಾಪವನ್ನು ಹೊತ್ತು ಮಠಕ್ಕೆ ಬರುವ ದಂಪತಿಗಳಿಂದ ನಾವು ಮತ್ತೆ ಮತ್ತೆ ಕೇಳುವುದು ಎರಡೇ ದೂರುಗಳನ್ನು. ತಿಂಗಳ ಪಗಾರವನ್ನೆಲ್ಲ ತಂದು ಕೊಟ್ಟರೂ ಮನೆಯಲ್ಲಿ ಮೆಚ್ಚುಗೆಯಿಲ್ಲವೆಂಬುದು ಪತಿಯ ದೂರು. ಮನೆಯಲ್ಲಿದ್ದರೂ ಕುಳಿತು ಎರಡು ಮಾತನಾಡುವುದಿಲ್ಲ, ಉಂಡೆಯಾ ಎಂದು ಕೇಳುವುದಿಲ್ಲವೆಂಬುದು ಸತಿಯ ದೂರು. ಇಬ್ಬರಲ್ಲಿಯೂ ಒಲವಿಗೆ ಕೊರತೆಯಿಲ್ಲ. ಆತ ದುಡಿಮೆಯಲ್ಲಿ ಅದನ್ನು ತೋರಿಸುತ್ತಾನೆ. ಆಕೆ ಮಾತಿನಲ್ಲಿ, ಜೊತೆಯಲ್ಲಿ ಅದನ್ನು ಅರಸುತ್ತಾಳೆ. ಕೆಲವು ಮನೆಗಳಲ್ಲಿ ಇದು ತಿರುವುಮುರುವಾಗಿಯೂ ಇರುತ್ತದೆ. ಕುಡಿತ ಬೇಡ, ಸಾಲ ಬೇಡ ಎಂದು ಸತಿ ತಡೆದರೆ ಪತಿಗೆ ಅದು ಅವಮಾನವಾಗಿ ತೋರುತ್ತದೆ. ಹೀಗೆ ಸಣ್ಣ ಮಾತು ಬೆಳೆದು ಮನೆ ಎರಡಾದದ್ದನ್ನೂ ನಾವು ಕಂಡಿದ್ದೇವೆ. ಅಂತಹ ಮನೆಗಳ ಮಕ್ಕಳ ಮುಖವನ್ನು ನೋಡುವುದು ಕಷ್ಟ.

ಮಾರಯ್ಯ ಲಕ್ಕಮ್ಮನವರ ಸ್ವಭಾವಗಳೂ ಬೇರೆಬೇರೆಯಾಗಿದ್ದವು. ಆದರೆ ಕಾಯಕವೂ ದಾಸೋಹವೂ ಇಬ್ಬರಿಗೂ ಒಂದೇ ಆಗಿದ್ದುದರಿಂದ ಪರಸ್ಪರರ ನಡೆಯ ಅರ್ಥವನ್ನು ಅವರು ಬೇಗನೆ ತಿಳಿದುಕೊಂಡರು. ಆದುದರಿಂದ ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೆ. ಸತಿಯ ಮಾತು ಕಹಿಯೆನಿಸಿದಾಗ, ಆಕೆ ಏನನ್ನು ಉಳಿಸಲು ಹಾಗೆ ನುಡಿದಳೆಂದು ಪತಿಯಾದವನು ಒಮ್ಮೆ ಕೇಳಲಿ. ಪತಿ ತಂದದ್ದು ತನಗೆ ಬೇಡವಾದಾಗ, ಯಾವ ಮನಸ್ಸಿನಿಂದ ತಂದನೆಂದು ಸತಿಯೂ ವಿಚಾರಿಸಲಿ. ಸಂಜೆ ಇಬ್ಬರೂ ಕೂಡಿ ಲಿಂಗಪೂಜೆಗೆ ಕುಳಿತೆದ್ದ ಮೇಲೆ ಇಂತಹ ನಾಲ್ಕು ಮಾತುಗಳಿಗೆ ಸಮಯ ದೊರೆಯಲಿ. ಶರಣ ದಂಪತಿಗಳ ಆಶೀರ್ವಾದ ನಮ್ಮ ಮನೆಗಳ ಮೇಲಿರಲಿ.