ಹಾಥಾರ್ನ್: ಬ್ರೇಕಿನ ಸುತ್ತ ತಿರುಗಿದ ವೇಗದ ಬದುಕು

ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಪಟ್ಟವೇರಿದ ಬ್ರಿಟನ್ನಿನ ಮೊದಲ ಚಾಲಕ ಮೈಕ್ ಹಾಥಾರ್ನ್. ಎತ್ತರದ ನಿಲುವು, ಹೊಂಬಣ್ಣದ ಕೂದಲು, ರೇಸಿನ ಹೊತ್ತಿನಲ್ಲೂ ಕೊರಳಿನಿಂದ ಕಳಚದ ಬೋ ಟೈ. ಈ ಟೈ ಕಂಡ ಫ್ರೆಂಚ್ ಅಭಿಮಾನಿಗಳು ಆತನಿಗೆ ಚಿಟ್ಟೆಯೆಂದೇ ಹೆಸರಿಟ್ಟಿದ್ದರು. ಬದುಕಿದ್ದು 29 ವರ್ಷ ಮಾತ್ರ. ವೇಗಕ್ಕಾಗಿ ಜಗತ್ತು ನೆನೆಯುವ ಈ ಯುವಕನ ಬದುಕಿನ ಮುಖ್ಯ ತಿರುವುಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ಹಲವೆಡೆ ಎದುರಾಗುವುದು ವೇಗವಲ್ಲ, ಬ್ರೇಕು. ರೇಸಿನ ಟ್ರ್ಯಾಕಿನ ಬ್ರೇಕಿಗೂ ಊರಿನ ರಸ್ತೆಯ ಬ್ರೇಕಿಗೂ ಇರುವ ಅಂತರವನ್ನು ಹಾಥಾರ್ನ್‌ನಷ್ಟು ಹತ್ತಿರದಿಂದ ಕಂಡವರು ವಿರಳ. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ.

ಗ್ಯಾರೇಜಿನಲ್ಲಿ ಬೆಳೆದ ಹುಡುಗ

ಜಾನ್ ಮೈಕೆಲ್ ಹಾಥಾರ್ನ್ ಹುಟ್ಟಿದ್ದು 1929ರ ಏಪ್ರಿಲ್ 10ರಂದು, ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ಮೆಕ್ಸ್‌ಬರೋ ಎಂಬಲ್ಲಿ. ತಂದೆ ಲೆಸ್ಲಿ ಸ್ವತಃ ಮೋಟಾರ್ ಸೈಕಲ್ ರೇಸುಗಾರರು. ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿಗೆ ಹತ್ತಿರವಿರಬೇಕೆಂಬ ಆಸೆಯಿಂದ ಅವರು ಕುಟುಂಬವನ್ನು ದಕ್ಷಿಣಕ್ಕೆ ಕರೆತಂದು, ಸರ್‍ರೆ ಪ್ರಾಂತ್ಯದ ಫಾರ್ನಮ್ ಪಟ್ಟಣದಲ್ಲಿ ಗ್ಯಾರೇಜ್ ತೆರೆದರು. ಹೀಗಾಗಿ ಎಂಜಿನ್ ಎಣ್ಣೆಯ ವಾಸನೆ ಮತ್ತು ರೇಸಿನ ಮಾತು ಬಾಲಕನಿಗೆ ಮನೆಯ ವಾತಾವರಣವೇ ಆಗಿತ್ತು.

1950ರಲ್ಲಿ, ಎರಡನೇ ಮಹಾಯುದ್ಧಕ್ಕೂ ಹಿಂದಿನ ಹಳೆಯ ರೈಲಿ ಕಾರಿನಲ್ಲಿ ಸ್ಪರ್ಧೆಗಿಳಿದ ಹಾಥಾರ್ನ್, 1952ರ ಈಸ್ಟರ್ ವೇಳೆಗೆ ಗುಡ್‌ವುಡ್ ಟ್ರ್ಯಾಕಿನಲ್ಲಿ ಕೂಪರ್-ಬ್ರಿಸ್ಟಲ್ ಕಾರು ಓಡಿಸಿ ಎಲ್ಲರ ಗಮನ ಸೆಳೆದ. ಮರುವರ್ಷವೇ ಇಟಲಿಯ ಫೆರಾರಿ ತಂಡದ ಬಾಗಿಲು ತೆರೆಯಿತು. 1953ರ ಜುಲೈ 5ರಂದು ಫ್ರಾನ್ಸಿನ ರೀಮ್ಸ್‌ನಲ್ಲಿ ನಡೆದ ಗ್ರ್ಯಾನ್ ಪ್ರಿಯಲ್ಲಿ ಅರ್ಜೆಂಟೀನಾದ ಮಹಾನ್ ಚಾಲಕ ಫಾಂಜಿಯೊನನ್ನು ಕೇವಲ ಒಂದು ಸೆಕೆಂಡಿನ ಅಂತರದಿಂದ ಹಿಂದಿಕ್ಕಿ ಗೆದ್ದಾಗ ಆತನಿಗೆ 24 ವರ್ಷ. ವಿಶ್ವ ಚಾಂಪಿಯನ್‌ಷಿಪ್‌ನ ಗ್ರ್ಯಾನ್ ಪ್ರಿ ರೇಸೊಂದನ್ನು ಬ್ರಿಟಿಷ್ ಚಾಲಕನೊಬ್ಬ ಗೆದ್ದದ್ದು ಅದೇ ಮೊದಲು.

ಆದರೆ ಇದಕ್ಕೆ ಮೂರು ವಾರ ಮೊದಲು ನಡೆದ ಇನ್ನೊಂದು ಘಟನೆ ಅಷ್ಟು ಪ್ರಚಾರ ಪಡೆಯಲಿಲ್ಲ. ಫ್ರಾನ್ಸಿನ ಲ ಮಾನ್‌ನ 24 ಗಂಟೆಗಳ ರೇಸಿನಲ್ಲಿ ಹಾಥಾರ್ನ್ ಮತ್ತು ಫರೀನಾ ಓಡಿಸುತ್ತಿದ್ದ ಫೆರಾರಿ ಕಾರು ಆರಂಭದಲ್ಲೇ ಅನರ್ಹಗೊಂಡಿತು. ಕಾರಣ, ನಿಯಮದಲ್ಲಿ ಹೇಳಿದಷ್ಟು ಸುತ್ತು ಮುಗಿಯುವ ಮೊದಲೇ ಮೆಕ್ಯಾನಿಕ್‌ಗಳು ಬ್ರೇಕ್ ಆಯಿಲ್ ತುಂಬಿದ್ದರು. ಅದೇ ರೇಸಿನಲ್ಲಿ ಡಿಸ್ಕ್ ಬ್ರೇಕ್ ಅಳವಡಿಸಿದ್ದ ಜಾಗ್ವಾರ್ ಸಿ-ಟೈಪ್ ಕಾರುಗಳು ಮೊದಲ, ಎರಡನೇ ಮತ್ತು ನಾಲ್ಕನೇ ಸ್ಥಾನ ಬಾಚಿಕೊಂಡವು. ಲ ಮಾನ್ ಇತಿಹಾಸದಲ್ಲಿ ಗೆದ್ದ ಕಾರಿನ ಸರಾಸರಿ ವೇಗ ಗಂಟೆಗೆ 160 ಕಿ.ಮೀ. ದಾಟಿದ್ದು ಅಂದೇ ಮೊದಲು.

ಡ್ರಮ್ ಮತ್ತು ಡಿಸ್ಕ್

ಜಾಗ್ವಾರ್‌ನ ಗೆಲುವಿನ ಗುಟ್ಟು ಸರಳ. ಬ್ರೇಕ್ ಮಾಡುವ ಕೆಲಸವೆಂದರೆ ಕಾರಿನ ಚಲನೆಯನ್ನು ಶಾಖವಾಗಿ ಬದಲಿಸುವುದು. ವೇಗ ಎರಡು ಪಟ್ಟಾದರೆ ಈ ಶಾಖ ನಾಲ್ಕು ಪಟ್ಟಾಗುತ್ತದೆ. ಆಗಿನ ಬಹುತೇಕ ಕಾರುಗಳಲ್ಲಿದ್ದ ಡ್ರಮ್ ಬ್ರೇಕಿನಲ್ಲಿ, ಚಕ್ರದೊಡನೆ ತಿರುಗುವ ಡಬ್ಬಿಯಂಥ ಲೋಹದ ಒಳಮೈಗೆ ಬ್ರೇಕ್ ಶೂಗಳು ಒತ್ತಿಕೊಳ್ಳುತ್ತವೆ. ಹುಟ್ಟಿದ ಬಿಸಿ ಒಳಗೇ ಉಳಿಯುತ್ತದೆ. ಕಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಪೆಡಲ್ ಆಳಕ್ಕಿಳಿಯುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಡಿಸ್ಕ್ ಬ್ರೇಕಿನಲ್ಲಾದರೋ ಲೋಹದ ತಟ್ಟೆ ಗಾಳಿಗೆ ತೆರೆದಿರುತ್ತದೆ. ಎರಡೂ ಕಡೆಯಿಂದ ಪ್ಯಾಡ್‌ಗಳು ಅದನ್ನು ಹಿಡಿಯುತ್ತವೆ. ಬಿಸಿ ಬೇಗ ಹೊರಟುಹೋಗುತ್ತದೆ. ಸವೆದ ಪ್ಯಾಡ್ ಬದಲಿಸುವುದೂ ಸುಲಭ. ವಿಮಾನಗಳ ಬ್ರೇಕಿನಲ್ಲಿ ಅನುಭವವಿದ್ದ ಡನ್‌ಲಪ್ ಸಂಸ್ಥೆ ಜಾಗ್ವಾರ್ ಜತೆಗೂಡಿ ಇದನ್ನು ರೇಸಿಗೆ ಒಗ್ಗಿಸಿತ್ತು.

1954 ಹಾಥಾರ್ನ್ ಪಾಲಿಗೆ ಕಹಿ ವರ್ಷ. ಸಿಸಿಲಿಯ ಸಿರಾಕ್ಯೂಸ್ ರೇಸಿನಲ್ಲಿ ಬೆಂಕಿಗೆ ಸಿಕ್ಕು ಸುಟ್ಟ ಗಾಯಗಳಾದವು. ಜೂನ್ ತಿಂಗಳಲ್ಲಿ ತಂದೆ ಲೆಸ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಕಡ್ಡಾಯ ಸೇನಾ ಸೇವೆಯಿಂದ ತಪ್ಪಿಸಿಕೊಂಡನೆಂದು ಬ್ರಿಟನ್ನಿನ ಪತ್ರಿಕೆಗಳು ಟೀಕಿಸಿದವು. ಮೂತ್ರಪಿಂಡದ ಕಾಯಿಲೆ ಆತನನ್ನು ಕಾಡುತ್ತಿತ್ತೆಂಬುದು ಹಲವರಿಗೆ ತಿಳಿದಿರಲಿಲ್ಲ. ಗ್ಯಾರೇಜಿನ ಹೊಣೆ ಹೆಗಲಿಗೇರಿದ್ದರಿಂದ ಫೆರಾರಿ ತೊರೆದು ಇಂಗ್ಲೆಂಡಿನಲ್ಲೇ ನೆಲೆಯೂರಲು ನಿರ್ಧರಿಸಿದ ಹಾಥಾರ್ನ್, 1955ರಲ್ಲಿ ಲ ಮಾನ್‌ಗೆ ಹೋದದ್ದು ಜಾಗ್ವಾರ್ ಚಾಲಕನಾಗಿ.

ಲ ಮಾನ್‌ನ ಕರಾಳ ಸಂಜೆ

1955ರ ಜೂನ್ 11. ನಾಲ್ಕು ಡಿಸ್ಕ್ ಬ್ರೇಕುಗಳ ಜಾಗ್ವಾರ್ ಡಿ-ಟೈಪ್‌ನಲ್ಲಿ ಹಾಥಾರ್ನ್, ಮರ್ಸಿಡಿಸ್ 300 ಎಸ್‌ಎಲ್‌ಆರ್‌ನಲ್ಲಿ ಫಾಂಜಿಯೊ. 24 ಗಂಟೆಗಳ ರೇಸನ್ನು ಇಬ್ಬರೂ ಎರಡು ಗಂಟೆಯ ರೇಸಿನಂತೆ ಓಡಿಸುತ್ತಿದ್ದರು. ಮರ್ಸಿಡಿಸ್ ಕಾರುಗಳಿಗೆ ಡ್ರಮ್ ಬ್ರೇಕ್. ಅದರ ಕೊರತೆ ತುಂಬಲು ಚಾಲಕನ ಬೆನ್ನ ಹಿಂದೆ ಎದ್ದು ನಿಂತು ಗಾಳಿಯನ್ನು ತಡೆಯುವ ಅಗಲವಾದ ಲೋಹದ ಫಲಕವೊಂದನ್ನು ಎಂಜಿನಿಯರುಗಳು ಜೋಡಿಸಿದ್ದರು.

ಸಂಜೆ ಆರೂವರೆಯ ಸುಮಾರಿಗೆ ಇಂಧನ ತುಂಬಿಸಲು ಪಿಟ್‌ಗೆ ಬರುವಂತೆ ಹಾಥಾರ್ನ್‌ಗೆ ಸೂಚನೆ ಬಂತು. ಮುಂದಿದ್ದ ಲ್ಯಾನ್ಸ್ ಮ್ಯಾಕ್ಲಿನ್‌ನ ಆಸ್ಟಿನ್-ಹೀಲಿ ಕಾರನ್ನು ದಾಟಿ, ಬಲಕ್ಕೆ ಬಂದು ಬ್ರೇಕ್ ಒತ್ತಿದ. ಆಗಿನ ಲ ಮಾನ್‌ನಲ್ಲಿ ಪಿಟ್‌ಗೂ ಟ್ರ್ಯಾಕಿಗೂ ನಡುವೆ ಗೋಡೆಯಿರಲಿಲ್ಲ, ವೇಗ ತಗ್ಗಿಸಲು ಪ್ರತ್ಯೇಕ ಹಾದಿಯೂ ಇರಲಿಲ್ಲ. ಎದುರಿನ ಕಾರು ಇದ್ದಕ್ಕಿದ್ದಂತೆ ನಿಧಾನವಾದುದನ್ನು ಕಂಡ ಮ್ಯಾಕ್ಲಿನ್ ಎಡಕ್ಕೆ ಸರಿದ. ಹಿಂದಿನಿಂದ ಗಂಟೆಗೆ 200 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಬರುತ್ತಿದ್ದ ಪಿಯರ್ ಲವೆಗ್‌ನ ಮರ್ಸಿಡಿಸ್ ಆ ಕಾರಿನ ಹಿಂಭಾಗವನ್ನೇರಿ ಹಾರಿತು. ಬದಿಯ ಮಣ್ಣಿನ ದಿಬ್ಬಕ್ಕೆ ಅಪ್ಪಳಿಸಿ, ಎಂಜಿನ್ ಮತ್ತಿತರ ಭಾಗಗಳು ಪ್ರೇಕ್ಷಕರ ನಡುವೆ ನುಗ್ಗಿದವು. ಲವೆಗ್ ಸೇರಿ 80ಕ್ಕೂ ಹೆಚ್ಚು ಮಂದಿ ಸತ್ತರು. ಮೋಟಾರ್ ರೇಸ್ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ದುರಂತ ಮತ್ತೊಂದಿಲ್ಲ.

ಗಮನಿಸಬೇಕಾದ ಸಂಗತಿಯೆಂದರೆ, ಮ್ಯಾಕ್ಲಿನ್‌ನ ಕಾರಿಗೂ ಡಿಸ್ಕ್ ಬ್ರೇಕುಗಳೇ ಇದ್ದವು. ಹಾಗಿದ್ದೂ ಅವು ಸಾಲಲಿಲ್ಲ, ಏಕೆಂದರೆ ಆತನಿಗೆ ಆ ಕ್ಷಣ ಬೇಕಾಗಿದ್ದದ್ದು ಅಂತರ. ಒಂದು ಕಾರು ಎಷ್ಟು ಬೇಗ ನಿಲ್ಲಬಲ್ಲದೆಂಬುದು ಅದರ ಚಾಲಕನಿಗೆ ಗೊತ್ತು. ಹಿಂದೆ ಬರುವವನಿಗೆ ಅದು ತಿಳಿಯುವುದು ತಡವಾಗಿ.

ರೇಸ್ ನಿಲ್ಲಲಿಲ್ಲ. ಮರ್ಸಿಡಿಸ್ ತಂಡ ಮಧ್ಯರಾತ್ರಿಯ ಬಳಿಕ ಹಿಂದೆ ಸರಿಯಿತು. ಹಾಥಾರ್ನ್ ಮತ್ತು ಐವರ್ ಬ್ಯೂಬ್ ಜೋಡಿ ಗೆದ್ದಿತು. ಗೆದ್ದ ಹಾಥಾರ್ನ್ ನಗುತ್ತ ಶಾಂಪೇನ್ ಕುಡಿಯುತ್ತಿದ್ದ ಚಿತ್ರವನ್ನು ಕಂಡ ಫ್ರೆಂಚ್ ಪತ್ರಿಕೆಗಳು ಕಿಡಿಕಾರಿದವು. ಅಧಿಕೃತ ತನಿಖೆ ಯಾವ ಚಾಲಕನನ್ನೂ ತಪ್ಪಿತಸ್ಥನೆನ್ನಲಿಲ್ಲ. ಟ್ರ್ಯಾಕಿನ ವಿನ್ಯಾಸ ಆ ವೇಗದ ಕಾರುಗಳಿಗೆ ತಕ್ಕುದಾಗಿರಲಿಲ್ಲವೆಂಬುದೇ ಅದರ ತಾತ್ಪರ್ಯವಾಗಿತ್ತು. ಪಿಟ್ ಕಟ್ಟಡವನ್ನು ಹಿಂದಕ್ಕೆ ಸರಿಸಿ ಮತ್ತೆ ಕಟ್ಟಲಾಯಿತು. ಹಾಥಾರ್ನ್ 1958ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ತನ್ನ ಹೊಣೆಯನ್ನು ನಿರಾಕರಿಸಿದ. ಅದನ್ನೋದಿದ ಮ್ಯಾಕ್ಲಿನ್ ಮಾನನಷ್ಟ ಮೊಕದ್ದಮೆ ಹೂಡಿದ. ಆ ವ್ಯಾಜ್ಯ ಇತ್ಯರ್ಥವಾಗುವಷ್ಟು ಕಾಲ ಹಾಥಾರ್ನ್ ಬದುಕಲಿಲ್ಲ.

ಗೆಳೆಯನ ಕಾರಿನ ಬ್ರೇಕು

1957ರಲ್ಲಿ ಹಾಥಾರ್ನ್ ಫೆರಾರಿಗೆ ಮರಳಿದಾಗ ಅಲ್ಲಿ ಜತೆಯಾದವನು ಪೀಟರ್ ಕಾಲಿನ್ಸ್. ಇಬ್ಬರ ಗೆಳೆತನ ರೇಸ್ ವಲಯದಲ್ಲಿ ಮನೆಮಾತಾಗಿತ್ತು. ಕಾಲಿನ್ಸ್ ಬಳಿ ಸ್ವಂತ ಓಡಾಟಕ್ಕೆ ಫೆರಾರಿ 250 ಜಿಟಿ ತೆರೆದ ಕಾರೊಂದಿತ್ತು. ಅದನ್ನು ಇಂಗ್ಲೆಂಡಿಗೆ ಒಯ್ದು ಡನ್‌ಲಪ್ ಡಿಸ್ಕ್ ಬ್ರೇಕ್ ಹಾಕಿಸಿದ್ದ. ವಿಚಿತ್ರವೆಂದರೆ, ಆತ ರೇಸಿನಲ್ಲಿ ಓಡಿಸುತ್ತಿದ್ದ ಫೆರಾರಿಗೆ ಆಗಲೂ ಡ್ರಮ್ ಬ್ರೇಕೇ ಗತಿ. ಕಾರ್ಖಾನೆಯ ಒಡೆಯ ಎಂಜೊ ಫೆರಾರಿಗೆ ಎಂಜಿನ್ ಮೇಲಿದ್ದಷ್ಟು ಒಲವು ಹೊಸ ಬಗೆಯ ಬ್ರೇಕಿನ ಮೇಲಿರಲಿಲ್ಲ.

1958ರ ಆಗಸ್ಟ್ 3ರಂದು ಜರ್ಮನಿಯ ನೂರ್‌ಬರ್ಗ್‌ರಿಂಗ್‌ನಲ್ಲಿ ಡಿಸ್ಕ್ ಬ್ರೇಕಿನ ವ್ಯಾನ್‌ವಾಲ್ ಕಾರಿನಲ್ಲಿ ಟೋನಿ ಬ್ರೂಕ್ಸ್ ಮುಂದೆ ಹೋದ. ಆತನನ್ನು ಬೆನ್ನಟ್ಟುತ್ತಿದ್ದ ಕಾಲಿನ್ಸ್ ತಿರುವೊಂದರಲ್ಲಿ ಟ್ರ್ಯಾಕಿನಿಂದಾಚೆ ಹೋಗಿ, ಕಾರಿನಿಂದ ಎಸೆಯಲ್ಪಟ್ಟು ಮಡಿದ. ಸ್ವಲ್ಪವೇ ಹಿಂದಿದ್ದ ಹಾಥಾರ್ನ್ ಎಲ್ಲವನ್ನೂ ಕಣ್ಣಾರೆ ಕಂಡ. ರೇಸಿನ ಮೇಲಿನ ಆಸೆ ಆತನಲ್ಲಿ ಬಹುಮಟ್ಟಿಗೆ ಸತ್ತದ್ದು ಅಲ್ಲಿಯೇ.

ಆದರೂ ಚಾಂಪಿಯನ್‌ಷಿಪ್ ಕೈಗೆಟುಕುವ ದೂರದಲ್ಲಿತ್ತು. ಡಿಸ್ಕ್ ಬ್ರೇಕ್ ಬೇಕೆಂದು ಹಾಥಾರ್ನ್ ಪಟ್ಟು ಹಿಡಿದ. ಸೆಪ್ಟೆಂಬರಿನಲ್ಲಿ ಮೊಂಜಾದಲ್ಲಿ ನಡೆದ ಇಟಲಿ ಗ್ರ್ಯಾನ್ ಪ್ರಿಗೆ ಮುನ್ನ ಕಾಲಿನ್ಸ್‌ನ ಸ್ವಂತ ಕಾರಿನಿಂದ ಬ್ರೇಕುಗಳನ್ನು ಬಿಚ್ಚಿ ಹಾಥಾರ್ನ್‌ನ ರೇಸ್ ಕಾರಿಗೆ ಜೋಡಿಸಲಾಯಿತು. ಸಾಮಾನ್ಯವಾಗಿ ಟ್ರ್ಯಾಕಿನಲ್ಲಿ ಪರೀಕ್ಷೆಗೊಳಗಾದ ವಸ್ತು ರಸ್ತೆಗೆ ಬರುತ್ತದೆ. ಇಲ್ಲಿ ರಸ್ತೆಯ ಕಾರಿನಿಂದ ಕಳಚಿದ ವಸ್ತು ಟ್ರ್ಯಾಕಿಗೆ ಹೋಯಿತು, ಅದೂ ಸತ್ತ ಗೆಳೆಯನ ಕಾರಿನಿಂದ. ಮೊಂಜಾದಲ್ಲಿ ಹಾಥಾರ್ನ್‌ಗೆ ಎರಡನೇ ಸ್ಥಾನ ಬಂತು. ಅಕ್ಟೋಬರ್ 19ರಂದು ಮೊರಾಕೊದ ಕಾಸಾಬ್ಲಾಂಕಾದಲ್ಲಿ ಮತ್ತೆ ಎರಡನೇ ಸ್ಥಾನ. ಆ ವರ್ಷ ನಾಲ್ಕು ರೇಸ್ ಗೆದ್ದ ಸ್ಟರ್ಲಿಂಗ್ ಮಾಸ್‌ಗೆ 41 ಅಂಕ, ಒಂದೇ ಒಂದು ಗೆದ್ದ ಹಾಥಾರ್ನ್‌ಗೆ 42. ಪಟ್ಟ ಒಲಿಯಿತು. ಪೋರ್ಚುಗಲ್ ರೇಸಿನಲ್ಲಿ ಹಾಥಾರ್ನ್ ಅನರ್ಹಗೊಳ್ಳುವ ಪ್ರಸಂಗ ಬಂದಾಗ ಆತನ ಪರ ಸಾಕ್ಷಿ ನುಡಿದು ಅಂಕ ಉಳಿಸಿಕೊಟ್ಟವನು ಇದೇ ಮಾಸ್. ಕಾಸಾಬ್ಲಾಂಕಾದಲ್ಲಿ ಸುಟ್ಟ ಗಾಯಗಳಾದ ಸ್ಟುವರ್ಟ್ ಲೂಯಿಸ್-ಇವಾನ್ಸ್ ಆರು ದಿನಗಳ ಬಳಿಕ ಅಸುನೀಗಿದ. ಹಾಥಾರ್ನ್ ನಿವೃತ್ತಿ ಘೋಷಿಸಿ ಫಾರ್ನಮ್‌ನ ಗ್ಯಾರೇಜಿಗೆ ಹಿಂತಿರುಗಿದ.

ಗಿಲ್ಡ್‌ಫರ್ಡ್‌ನ ಒದ್ದೆ ರಸ್ತೆ

ನಿವೃತ್ತಿಯಾಗಿ ಮೂರು ತಿಂಗಳು. 1959ರ ಜನವರಿ 22ರಂದು ಹಾಥಾರ್ನ್ ತನ್ನ ಜಾಗ್ವಾರ್ 3.4 ಕಾರಿನಲ್ಲಿ ಲಂಡನ್ ಕಡೆಗೆ ಹೊರಟಿದ್ದ. ಗಿಲ್ಡ್‌ಫರ್ಡ್ ಬೈಪಾಸ್ ರಸ್ತೆ ಮಳೆಯಿಂದ ತೊಯ್ದಿತ್ತು, ಗಾಳಿಯೂ ಜೋರಾಗಿತ್ತು. ರೇಸ್ ತಂಡವೊಂದರ ಒಡೆಯ ರಾಬ್ ವಾಕರ್‌ನ ಮರ್ಸಿಡಿಸ್ 300 ಎಸ್‌ಎಲ್ ಕಾರನ್ನು ಹಿಂದಿಕ್ಕಿದ ಕೆಲವೇ ಕ್ಷಣಗಳಲ್ಲಿ ಜಾಗ್ವಾರ್ ಹಿಡಿತ ತಪ್ಪಿ ತಿರುಗಿತು. ಎದುರಿನಿಂದ ಬರುತ್ತಿದ್ದ ಲಾರಿಗೆ ತಗುಲಿ, ಮರವೊಂದಕ್ಕೆ ಅಪ್ಪಳಿಸಿತು. ಹಾಥಾರ್ನ್ ಸ್ಥಳದಲ್ಲೇ ಕೊನೆಯುಸಿರೆಳೆದ. ವಿಚಾರಣೆ ಅದನ್ನು ಆಕಸ್ಮಿಕ ಸಾವೆಂದು ದಾಖಲಿಸಿತು.

ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್ ದೊರೆಯುತ್ತಿದ್ದ ಮೊದಮೊದಲ ಸೆಡಾನ್ ಕಾರುಗಳಲ್ಲಿ ಜಾಗ್ವಾರ್ 3.4 ಒಂದು. ಆದರೆ ಬ್ರೇಕ್ ನಿಲ್ಲಿಸುವುದು ಚಕ್ರವನ್ನು. ಕಾರನ್ನು ನಿಲ್ಲಿಸುವುದು ರಸ್ತೆಯ ಮೇಲೆ ಟೈರಿಗಿರುವ ಹಿಡಿತ. ಒದ್ದೆ ರಸ್ತೆಯಲ್ಲಿ ಅದು ಕಡಿಮೆ, ಎಂಥ ಬ್ರೇಕಿದ್ದರೂ ಅದನ್ನು ಹೆಚ್ಚಿಸಲಾಗದು.

ಒಂದೇ ಕಾರು, ಎರಡು ಕೆಲಸ

ಹಾಥಾರ್ನ್ ಸತ್ತು ದಶಕಗಳೇ ಉರುಳಿವೆ. ಆ ಕಾಲದ ಪ್ಯಾಡ್‌ಗಳಲ್ಲಿ ಬಳಸುತ್ತಿದ್ದ ಕಲ್ನಾರು ಆರೋಗ್ಯಕ್ಕೆ ಮಾರಕವೆಂದು ತಿಳಿದು ಬ್ರಿಟನ್ 1999ರಲ್ಲಿ ಅದನ್ನು ಪೂರ್ಣವಾಗಿ ನಿಷೇಧಿಸಿತು. ಡಿಸ್ಕ್ ಬ್ರೇಕ್ ಇಂದು ಸಾಮಾನ್ಯ ಕಾರು, ಬೈಕುಗಳಲ್ಲೂ ಇದೆ. ವಾರವೆಲ್ಲ ಕಚೇರಿಗೆ ಓಡಿಸಿದ ಕಾರನ್ನೇ ರಜೆಯ ದಿನ ರೇಸ್ ಟ್ರ್ಯಾಕಿಗೆ ಒಯ್ಯುವ ಹವ್ಯಾಸಿಗಳೂ ಹೆಚ್ಚಿದ್ದಾರೆ. ಹಾಥಾರ್ನ್ ಕಾಲದ ಪ್ರಶ್ನೆ ಇವರೆದುರು ಹೊಸ ರೂಪದಲ್ಲಿ ನಿಂತಿದೆ: ಪ್ಯಾಡ್ ಯಾವುದಿರಬೇಕು?

ರಸ್ತೆಯ ಪ್ಯಾಡ್ ತಣ್ಣಗಿದ್ದಾಗಲೇ ಹಿಡಿಯಬೇಕು. ಬೆಳಿಗ್ಗೆ ಮನೆಯಿಂದ ಹೊರಟ ಕಾರಿನೆದುರು ಮಗುವೊಂದು ಓಡಿಬಂದರೆ ಪ್ಯಾಡ್ ಕಾಯುವವರೆಗೆ ಕಾಯಲಾಗದು. ಆದರೆ ಟ್ರ್ಯಾಕಿನಲ್ಲಿ ಸುತ್ತಿನ ಮೇಲೆ ಸುತ್ತು ಹೊಡೆದಾಗ ಇದೇ ಪ್ಯಾಡ್ ಅತಿಯಾಗಿ ಕಾದು, ಅದರಲ್ಲಿನ ಅಂಟು ಅನಿಲ ಬಿಡತೊಡಗಿ, ಹಿಡಿತ ಕರಗುತ್ತದೆ. ರೇಸಿನ ಪ್ಯಾಡ್ ಆ ಬಿಸಿಯಲ್ಲೇ ಚೆನ್ನಾಗಿ ಕೆಲಸ ಮಾಡುತ್ತದೆ. ತಣ್ಣಗಿದ್ದಾಗ ಅದು ಸರಿಯಾಗಿ ಹಿಡಿಯದು, ಕೀರಲು ಸದ್ದು ಮಾಡುತ್ತದೆ, ಡಿಸ್ಕನ್ನು ಬೇಗ ಸವೆಸುತ್ತದೆ. ಎರಡಕ್ಕೂ ಹೊಂದುವ ನಡುವಣ ಬಗೆಯ ಪ್ಯಾಡ್‌ಗಳು ಲಭ್ಯವಿವೆಯಾದರೂ ಅವು ಎರಡೂ ಕಡೆ ಒಂದಿಷ್ಟು ಬಿಟ್ಟುಕೊಡುತ್ತವೆ. ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಟ್ರ್ಯಾಕಿಗಿಳಿಯುವವರಿಗೆ ಅವು ಸಾಕಾಗಬಹುದು. ಹೆಚ್ಚು ಬಾರಿ ಹೋಗುವವರು ಅಲ್ಲಿಗೆ ತಲುಪಿದ ಮೇಲೆ ರೇಸಿನ ಪ್ಯಾಡ್ ಹಾಕಿಸಿ, ಮನೆಗೆ ಹೊರಡುವ ಮುನ್ನ ಅದನ್ನು ಬಿಚ್ಚಿ ರಸ್ತೆಯ ಪ್ಯಾಡ್ ತೊಡಿಸುವುದು ಲೇಸು. ಹೊಸ ಪ್ಯಾಡನ್ನು ಮೊದಲು ಹದವಾಗಿ ಬಳಸಿ ಡಿಸ್ಕಿಗೆ ಒಗ್ಗಿಸಬೇಕು. ಹಳೆಯ ಬ್ರೇಕ್ ಆಯಿಲ್ ನೀರಿನಂಶ ಹೀರಿಕೊಂಡು ಬೇಗ ಕುದಿಯುವುದರಿಂದ ಅದನ್ನೂ ಬದಲಿಸಿರಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಎರಡು ಸಂಗತಿಗಳು ಚಾಲಕನ ಕೈಯಲ್ಲಿರುವುದಿಲ್ಲ. ಒಂದು, ಹಿಂದೆ ಬರುತ್ತಿರುವವನ ಬ್ರೇಕು. ಇನ್ನೊಂದು, ಚಕ್ರದಡಿಯ ರಸ್ತೆ. ಹಾಥಾರ್ನ್ ಮೊದಲನೆಯದನ್ನು ಲ ಮಾನ್‌ನಲ್ಲಿ ಕಂಡ, ಎರಡನೆಯದನ್ನು ಗಿಲ್ಡ್‌ಫರ್ಡ್‌ನಲ್ಲಿ.